ದಾರಿಯಲ್ಲಿಯೂ ಸಂಸಾರದ ಕ್ಷೇಮ: ರಸ್ತೆ ಅಪಘಾತಗಳ ಕಾರಣ ಮತ್ತು ನಿವಾರಣೆ



ಮಗು ಗರ್ಭದಲ್ಲಿರುವಾಗಿನಿಂದಲೇ ಅದರ ಕ್ಷೇಮಕ್ಕಾಗಿ ನೀವು ಎಚ್ಚರ ವಹಿಸುತ್ತೀರಿ. ತಾಯಿಗೆ ಕಬ್ಬಿಣಾಂಶದ ಮಾತ್ರೆ, ಧನುರ್ವಾಯುವಿನ ಚುಚ್ಚುಮದ್ದು, ಆಸ್ಪತ್ರೆಯಲ್ಲಿ ಹೆರಿಗೆ, ಮಗುವಿಗೆ ಪೋಲಿಯೋ ಹನಿ, ದಡಾರದ ಲಸಿಕೆ, ಹೀಗೆ ಒಂದೊಂದನ್ನೂ ನೆನಪಿಟ್ಟು ಮಾಡಿಸುತ್ತೀರಿ. ಒಂದು ಮಗುವಿಗೂ ಇನ್ನೊಂದಕ್ಕೂ ಅಂತರವಿರಿಸಿ, ಇರುವ ಮಕ್ಕಳನ್ನು ಚೆನ್ನಾಗಿ ಬೆಳೆಸಬೇಕೆಂದು ಗಂಡಹೆಂಡಿರು ಕೂಡಿ ಆಲೋಚಿಸುತ್ತೀರಿ. ಇದು ಸಂತೋಷದ ಸಂಗತಿ.

ಆದರೆ ಅದೇ ಮಕ್ಕಳನ್ನು ಜಾತ್ರೆಗೋ ತವರುಮನೆಗೋ ಕರೆದೊಯ್ಯುವ ದಿನ ನಡೆಯುವುದೇನು? ಒಂದು ಮಗು ತಂದೆಯ ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ. ಇನ್ನೊಂದು ತಾಯಿಯ ತೊಡೆಯ ಮೇಲೆ. ತಾಯಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕುಳಿತಿದ್ದಾಳೆ. ಯಾರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಹಲವು ವರ್ಷಗಳ ಆರೈಕೆಯನ್ನು ಒಂದು ಕ್ಷಣದ ಅಲಕ್ಷ್ಯ ಹಾಳುಮಾಡಬಲ್ಲದು. ಮಕ್ಕಳನ್ನು ರೋಗಗಳಿಂದ ಕಾಪಾಡುವಷ್ಟೇ ಶ್ರದ್ಧೆಯಿಂದ ರಸ್ತೆಯ ಅಪಾಯದಿಂದಲೂ ಕಾಪಾಡುವುದು ಕುಟುಂಬ ಕಲ್ಯಾಣದ ಒಂದು ಮುಖ್ಯ ಭಾಗವೇ ಆಗಿದೆ.

ಹಣೆಬರಹವೇ, ಕಾರಣವೇ?

ಅಪಘಾತವಾದಾಗ “ಅವರ ಆಯುಷ್ಯ ಅಷ್ಟೇ ಇತ್ತು” ಎಂದು ಸಮಾಧಾನ ಹೇಳುವುದು ನಮ್ಮಲ್ಲಿ ರೂಢಿ. ದುಃಖದಲ್ಲಿರುವವರಿಗೆ ಈ ಮಾತು ಆಸರೆಯಾಗಬಹುದು. ಆದರೆ ಮುಂದಿನ ಅಪಘಾತವನ್ನು ಅದು ತಡೆಯಲಾರದು. ಹಿಂದೆ ಮಲೇರಿಯಾ ಜ್ವರವನ್ನೂ ಜನರು ಹಣೆಬರಹವೆಂದೇ ತಿಳಿದಿದ್ದರು. ಅದು ಸೊಳ್ಳೆಯಿಂದ ಹರಡುತ್ತದೆಂದು ತಿಳಿದ ಮೇಲೆ ನಿಂತ ನೀರನ್ನು ಹರಿಯಬಿಟ್ಟು, ಸೊಳ್ಳೆಪರದೆ ಕಟ್ಟಿ, ಔಷಧ ಸಿಂಪಡಿಸಿ ಅದನ್ನು ಹತೋಟಿಗೆ ತಂದೆವು. ರಸ್ತೆ ಅಪಘಾತವೂ ಹಾಗೆಯೇ. ಅದಕ್ಕೆ ಕಾರಣಗಳಿವೆ, ಕಾರಣಗಳನ್ನು ಅರಿತರೆ ನಿವಾರಣೆಯೂ ಸಾಧ್ಯ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11 ಲಕ್ಷ 90 ಸಾವಿರ ಜನರು ರಸ್ತೆ ಅಪಘಾತಗಳಲ್ಲಿ ಮಡಿದರು. 5ರಿಂದ 29 ವರ್ಷದೊಳಗಿನವರ ಸಾವಿಗೆ ಯಾವ ರೋಗಕ್ಕಿಂತಲೂ ಮುಖ್ಯ ಕಾರಣ ಇದೇ ಆಗಿದೆ. ಭಾರತದಲ್ಲಿ 2022ನೆಯ ಒಂದೇ ವರ್ಷದಲ್ಲಿ 1,68,491 ಜನರು ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡರು. ಕರ್ನಾಟಕದಲ್ಲಿ ಅದೇ ವರ್ಷ ಮಡಿದವರ ಸಂಖ್ಯೆ 11 ಸಾವಿರವನ್ನು ಮೀರಿತು. ಇವರಲ್ಲಿ ಬಹುಮಂದಿ ದುಡಿಯುವ ವಯಸ್ಸಿನವರು. ಅಂದರೆ ಚಿಕ್ಕ ಮಕ್ಕಳ ತಂದೆತಾಯಿಗಳು.

ನಮ್ಮಂತಹ ದೇಶಗಳಲ್ಲಿ ಏಕೆ ಹೆಚ್ಚು?

ಜಗತ್ತಿನ ವಾಹನಗಳಲ್ಲಿ ನೂರಕ್ಕೆ ಸುಮಾರು 60ರಷ್ಟು ಮಾತ್ರ ಅಭಿವೃದ್ಧಿಶೀಲ ದೇಶಗಳಲ್ಲಿವೆ. ಆದರೆ ರಸ್ತೆಯಲ್ಲಿ ಸಾಯುವವರಲ್ಲಿ ನೂರಕ್ಕೆ 92 ಮಂದಿ ಈ ದೇಶಗಳವರು. ವಾಹನಗಳ ಪಾಲಿಗಿಂತ ಸಾವಿನ ಪಾಲು ಇಷ್ಟು ಹೆಚ್ಚಾಗಿರುವುದೇಕೆ?

ಮೊದಲನೆಯದಾಗಿ, ನಮ್ಮ ರಸ್ತೆ ಎಲ್ಲರಿಗೂ ಒಂದೇ. ನಡೆಯುವವರು, ಸೈಕಲ್ಲಿನವರು, ದನಕರು, ಚಕ್ಕಡಿ, ಟ್ರ್ಯಾಕ್ಟರ್, ಬಸ್ಸು, ಲಾರಿ, ಕಾರು ಎಲ್ಲವೂ ಅಕ್ಕಪಕ್ಕದಲ್ಲಿಯೇ ಸಾಗಬೇಕು. ಗಂಟೆಗೆ 4 ಕಿಲೋಮೀಟರ್ ವೇಗದ ಎತ್ತುಗಳೂ 90 ಕಿಲೋಮೀಟರ್ ವೇಗದ ಕಾರೂ ಒಂದೇ ದಾರಿಯಲ್ಲಿ ಸೇರಿದಾಗ ಚಿಕ್ಕ ತಪ್ಪು ಸಹ ದೊಡ್ಡ ಅನಾಹುತವಾಗುತ್ತದೆ. ಎರಡನೆಯದಾಗಿ, ನಮ್ಮಲ್ಲಿ ಹೆಚ್ಚಿನವರು ಕಾಲ್ನಡಿಗೆಯವರು ಅಥವಾ ದ್ವಿಚಕ್ರ ವಾಹನದವರು. ಕಾರಿನವರ ಸುತ್ತ ಉಕ್ಕಿನ ಕವಚವಿದೆ. ಇವರಿಗೆ ಮೈಮೇಲಿನ ಬಟ್ಟೆಯ ಹೊರತು ಬೇರೆ ಕವಚವಿಲ್ಲ. ಮೂರನೆಯದಾಗಿ, ವಾಹನಗಳು ಬೇಗ ಹೆಚ್ಚಿದವು; ರಸ್ತೆಯ ದೀಪ, ಕಾಲುದಾರಿ, ಚಾಲಕರ ಶಿಕ್ಷಣ, ತುರ್ತು ಚಿಕಿತ್ಸೆ ಇವು ಅಷ್ಟು ಬೇಗ ಬೆಳೆಯಲಿಲ್ಲ.

ಆದರೂ ನಿರಾಶರಾಗಬೇಕಾಗಿಲ್ಲ. ನಮ್ಮಂತೆಯೇ ಭತ್ತ ಬೆಳೆಯುವ, ಮೋಟಾರ್ ಸೈಕಲ್ಲುಗಳೇ ತುಂಬಿರುವ ವಿಯೆಟ್ನಾಂ ದೇಶದಲ್ಲಿ 2007ರ ಡಿಸೆಂಬರ್ 15ರಿಂದ ಎಲ್ಲ ರಸ್ತೆಗಳಲ್ಲಿಯೂ ಸವಾರರಿಬ್ಬರಿಗೂ ಹೆಲ್ಮೆಟ್ ಕಡ್ಡಾಯವಾಯಿತು. ಅಲ್ಪಕಾಲದಲ್ಲಿಯೇ ನೂರಕ್ಕೆ 90ಕ್ಕಿಂತ ಹೆಚ್ಚು ಸವಾರರು ಅದನ್ನು ಧರಿಸತೊಡಗಿದರು. ತಲೆಗೆ ಪೆಟ್ಟಾಗುವುದೂ ಸಾಯುವುದೂ ಕಡಿಮೆಯಾದವು. ಆ ದೇಶ ಅದಕ್ಕಾಗಿ ಸಿರಿವಂತವಾಗುವವರೆಗೆ ಕಾಯಲಿಲ್ಲ.

ನಮ್ಮ ಐದು ತಾಲ್ಲೂಕುಗಳ ರಸ್ತೆಗಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳ ಸ್ಥಿತಿಯನ್ನು ನೀವೇ ಬಲ್ಲಿರಿ. ಪುಣೆಯಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಕೊಗನೋಳಿಯ ಬಳಿ ರಾಜ್ಯವನ್ನು ಪ್ರವೇಶಿಸಿ ನಿಪ್ಪಾಣಿಯ ಮೂಲಕ ಸಾಗುತ್ತದೆ. ದೂರದ ಊರುಗಳ ಭಾರಿ ಲಾರಿಗಳೂ, ಹೊಲಕ್ಕೆ ಹೊರಟ ನಮ್ಮ ರೈತರೂ ಅಲ್ಲಿ ಎದುರುಬದುರಾಗುತ್ತಾರೆ. ನಿಪ್ಪಾಣಿಯ ಸಮೀಪದ ತವಂದಿ ಘಾಟಿನ ಇಳಿಜಾರಿನಲ್ಲಿ ಭಾರ ಹೊತ್ತ ವಾಹನ ಬ್ರೇಕನ್ನೇ ನಂಬಿ ಇಳಿದರೆ ಬ್ರೇಕು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಏರುವಾಗ ಬಳಸಿದ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕೆಂಬ ಚಾಲಕರ ಹಳೆಯ ಪಾಠ ಇಂದಿಗೂ ಸತ್ಯ. ಚಿಕ್ಕ ವಾಹನದವರು ಇಂತಹ ಇಳಿಜಾರಿನಲ್ಲಿ ಲಾರಿಯ ಮುಂದೆ ನುಸುಳುವುದಾಗಲಿ, ಅಲ್ಲಿ ನಿಲ್ಲುವುದಾಗಲಿ ತರವಲ್ಲ.

ಮಿಕ್ಕ ಕಡೆ ರಸ್ತೆಗಳು ಹೆಚ್ಚಾಗಿ ಇಕ್ಕಟ್ಟಾದವು. ನಿಪ್ಪಾಣಿಯಿಂದ ಚಿಕ್ಕೋಡಿಯ ಮೂಲಕ ಮುಧೋಳಕ್ಕೆ ಹೋಗುವ ರಸ್ತೆ, ಮಿರಜದಿಂದ ಕಾಗವಾಡ, ಅಥಣಿಗಳ ಮೂಲಕ ವಿಜಯಪುರಕ್ಕೆ ಹೋಗುವ ರಸ್ತೆ ಇವುಗಳ ಇಕ್ಕೆಲಗಳಲ್ಲಿಯೂ ಊರುಗಳಿವೆ, ತೋಟದ ವಸ್ತಿಗಳಿವೆ. ವಸ್ತಿಯ ಮಣ್ಣುದಾರಿ ನೇರವಾಗಿ ಡಾಂಬರು ರಸ್ತೆಗೆ ಬಂದು ಸೇರುತ್ತದೆ. ಆಳೆತ್ತರ ಬೆಳೆದ ಕಬ್ಬು ಆ ಕೂಡುದಾರಿಯನ್ನು ಮರೆಮಾಡಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಕಬ್ಬು ನುರಿಸುವ ಹಂಗಾಮು. ಉಗಾರದ ಕಾರ್ಖಾನೆ 1939ರಲ್ಲಿ ಸ್ಥಾಪನೆಯಾಯಿತು. ಆಮೇಲೆ ಕೃಷ್ಣಾ, ದೂಧಗಂಗಾ ನದಿಗಳ ಈ ಸೀಮೆಯಲ್ಲಿ ಸಕ್ಕರೆ ಕಾರ್ಖಾನೆಗಳು ಹೆಚ್ಚುತ್ತ ಬಂದವು. ದೀಪಾವಳಿಯ ಸುಮಾರಿಗೆ ಆರಂಭವಾಗುವ ಹಂಗಾಮು ಬೇಸಿಗೆಯವರೆಗೆ ನಡೆಯುತ್ತದೆ. ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು, ಚಕ್ಕಡಿಗಳು, ಲಾರಿಗಳು ಹಗಲೂ ಇರುಳೂ ಓಡಾಡುತ್ತವೆ. ಕಬ್ಬು ಟ್ರೇಲರಿನ ಅಗಲವನ್ನು ಮೀರಿ ಚಾಚಿಕೊಂಡು ಹಿಂದಿನ ದೀಪವನ್ನು ಮುಚ್ಚುತ್ತದೆ. ಟೈರು ಒಡೆದ ಟ್ರೇಲರು ರಸ್ತೆಯಲ್ಲಿಯೇ ರಾತ್ರಿಯಿಡೀ ನಿಂತಿರುತ್ತದೆ. ಹೊಲದಲ್ಲಿ ರವದಿ ಸುಟ್ಟ ಹೊಗೆಯೂ ನದಿಯ ಬದಿಯ ಮುಂಜಾವಿನ ಮಂಜೂ ಸೇರಿದರೆ ಹತ್ತು ಹೆಜ್ಜೆ ಮುಂದಿನದು ಕಾಣಿಸದು.

ಒಂದು ಸಂಜೆಯ ಲೆಕ್ಕ

ರಾಯಬಾಗದ ಕಡೆಯ ಒಂದು ತೋಟದ ವಸ್ತಿಯ ದಂಪತಿಗಳನ್ನು ಕಲ್ಪಿಸಿಕೊಳ್ಳಿರಿ. ಹೆಂಡತಿಯ ತವರು ಉಗಾರದ ಕಡೆ. ಸಂಕ್ರಾಂತಿಗೆಂದು ಹೋದವರು ಎಳ್ಳುಬೆಲ್ಲ ಹಂಚಿಕೊಂಡು, ಊಟ ಮುಗಿಸಿ, ಕತ್ತಲಾದ ಮೇಲೆ ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದಾರೆ. ಕೃಷ್ಣೆಯನ್ನು ದಾಟಿ ಕುಡಚಿಯ ಕಡೆ ಬರುತ್ತಿದ್ದಾರೆ. ಮುಂದೆ ದಾರಿಯಲ್ಲಿ ಕಬ್ಬು ತುಂಬಿದ ಟ್ರೇಲರೊಂದು ಕೆಟ್ಟು ನಿಂತಿದೆ. ಅದಕ್ಕೆ ದೀಪವಿಲ್ಲ, ಕೆಂಪು ಪಟ್ಟಿಯೂ ಇಲ್ಲ. ಎದುರಿನಿಂದ ಬರುವ ವಾಹನದ ಬೆಳಕು ಕಣ್ಣಿಗೆ ಹೊಡೆಯುತ್ತಿದೆ.

ಗಾಡಿಯ ವೇಗ ಗಂಟೆಗೆ 60 ಕಿಲೋಮೀಟರ್ ಎಂದುಕೊಳ್ಳಿರಿ. ಅಂದರೆ ಒಂದು ಸೆಕೆಂಡಿನಲ್ಲಿ ಅದು ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಡಿಮ್ ಬೆಳಕಿನಲ್ಲಿ ಕಪ್ಪಾದ ವಸ್ತು ಸುಮಾರು 30-40 ಮೀಟರ್ ದೂರಕ್ಕೆ ಬಂದಾಗ ಮಾತ್ರ ಕಾಣಿಸುತ್ತದೆ. ಕಂಡದ್ದೇನೆಂದು ಮನಸ್ಸು ಗ್ರಹಿಸಿ, ಕೈಕಾಲು ಬ್ರೇಕು ಒತ್ತಲು ಒಂದರಿಂದ ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ 17ರಿಂದ 25 ಮೀಟರ್ ಕಳೆದುಹೋಗಿರುತ್ತದೆ. ಬ್ರೇಕು ಹಿಡಿದ ಮೇಲೂ ಗಾಡಿ ನಿಲ್ಲಲು ಇನ್ನೂ 20 ಮೀಟರಿಗಿಂತ ಹೆಚ್ಚು ಬೇಕು. ಅಂದರೆ ನಿಲ್ಲುವ ಮೊದಲೇ ಡಿಕ್ಕಿಯಾಗುವ ಸಂಭವ ಬಹಳ.

ಅದೇ ಗಾಡಿ 40 ಕಿಲೋಮೀಟರ್ ವೇಗದಲ್ಲಿದ್ದರೆ? ಗ್ರಹಿಸುವಷ್ಟರಲ್ಲಿ 11ರಿಂದ 17 ಮೀಟರ್, ನಿಲ್ಲಲು ಸುಮಾರು 10-12 ಮೀಟರ್. ಒಟ್ಟು 30 ಮೀಟರಿನೊಳಗೆ ಗಾಡಿ ನಿಲ್ಲುತ್ತದೆ. ಟ್ರೇಲರು ಅದೇ, ಕತ್ತಲೆಯೂ ಅದೇ, ಸವಾರನೂ ಅವನೇ. ಬದಲಾದದ್ದು ವೇಗ ಮಾತ್ರ. ಮಕ್ಕಳು ಮನೆ ಮುಟ್ಟುತ್ತಾರೆ.

ಇನ್ನೊಂದು ರೀತಿಯಿಂದ ನೋಡಿರಿ. 40 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದೂ ಸುಮಾರು 20 ಅಡಿ ಆಳದ ನೀರಿಲ್ಲದ ಬಾವಿಗೆ ಬೀಳುವುದೂ ಒಂದೇ. 60 ಕಿಲೋಮೀಟರಾದರೆ ಆ ಬಾವಿಯ ಆಳ 45 ಅಡಿಗಿಂತ ಹೆಚ್ಚು. ವೇಗ ಒಂದೂವರೆ ಪಟ್ಟು ಹೆಚ್ಚಿದರೆ ಪೆಟ್ಟು ಎರಡು ಪಟ್ಟಿಗೂ ಮೀರುತ್ತದೆ. ನಮ್ಮ ದೇಶದಲ್ಲಿ ರಸ್ತೆಯ ಸಾವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚಿನವು ಅತಿವೇಗದಿಂದಲೇ ಆಗುತ್ತವೆಂದು 2022ರ ಸರ್ಕಾರಿ ಲೆಕ್ಕ ಹೇಳುತ್ತದೆ. ಉಗಾರದಿಂದ ಮನೆಗೆ 20 ಕಿಲೋಮೀಟರ್ ಇದ್ದರೆ 60ರ ಬದಲು 40ರ ವೇಗದಲ್ಲಿ ಬಂದವರು ಕೇವಲ 10 ನಿಮಿಷ ತಡವಾಗುತ್ತಾರೆ. ಆ 10 ನಿಮಿಷಕ್ಕಾಗಿ ಏನನ್ನು ಪಣಕ್ಕಿಡುತ್ತಿದ್ದೇವೆಂಬುದನ್ನು ನೀವೇ ಆಲೋಚಿಸಿರಿ.

ತಲೆಯ ರಕ್ಷಣೆ, ಸೀರೆಯ ಸೆರಗು

ಮುರಿದ ಕೈಕಾಲು ಕೂಡಬಹುದು. ಮೆದುಳಿಗಾದ ಪೆಟ್ಟು ಅನೇಕ ವೇಳೆ ಸರಿಹೋಗುವುದಿಲ್ಲ. 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ ಧರಿಸದೆ ಮಡಿದವರು 50,029 ಮಂದಿ. ಅವರಲ್ಲಿ 14 ಸಾವಿರಕ್ಕೂ ಹೆಚ್ಚಿನವರು ಹಿಂದೆ ಕುಳಿತವರು. “ಗಾಡಿ ನಡೆಸುವವರಿಗೆ ಮಾತ್ರ ಹೆಲ್ಮೆಟ್” ಎಂಬುದು ತಪ್ಪು ತಿಳಿವಳಿಕೆ. ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ, ಮುಂದಿರಲಿ ಹಿಂದಿರಲಿ, ಅದನ್ನು ಧರಿಸಬೇಕೆಂದು ಕಾನೂನೇ ಹೇಳುತ್ತದೆ. ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಮಗುವನ್ನು ಸವಾರನಿಗೆ ಬಿಗಿಯುವ ಸುರಕ್ಷಾ ಪಟ್ಟಿ ಇರಬೇಕು. ಒಂಬತ್ತು ತಿಂಗಳು ತುಂಬಿದ ಮಗುವಿಗೆ ಅಳತೆಗೆ ತಕ್ಕ ಹೆಲ್ಮೆಟ್ ಇರಬೇಕು. ವೇಗ 40 ಕಿಲೋಮೀಟರ್ ಮೀರಬಾರದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಹಸುಗೂಸನ್ನು ಮೋಟಾರ್ ಸೈಕಲ್ಲಿನ ಮೇಲೆ ಒಯ್ಯದೆ ಬಸ್ಸಿನಲ್ಲಿ ಕರೆದೊಯ್ಯುವುದೇ ಉತ್ತಮ.

ಹೆಲ್ಮೆಟ್ ಐ.ಎಸ್.ಐ. ಗುರುತಿನದಾಗಿರಬೇಕು ಮತ್ತು ಗದ್ದದ ಕೆಳಗೆ ಪಟ್ಟಿಯನ್ನು ಬಿಗಿಯಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ಪೆಟ್ಟು ಬೀಳುವ ಮೊದಲೇ ಹಾರಿಹೋಗುತ್ತದೆ. ಹ್ಯಾಂಡಲಿಗೆ ತೂಗುಹಾಕಿದ ಹೆಲ್ಮೆಟ್ ಯಾರ ತಲೆಯನ್ನೂ ಕಾಯದು.

ಸೋದರಿಯರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸೆರಗು ಅಥವಾ ದುಪಟ್ಟಾ ಹಿಂದಿನ ಚಕ್ರಕ್ಕೆ ಸಿಕ್ಕು ಬಿದ್ದವರು ಬಹಳ ಜನ. ಚಕ್ರವನ್ನು ಮರೆಮಾಡುವ ಜಾಳಿಗೆ, ಹಿಡಿಕೆ, ಕಾಲಿಡುವ ಆಸರೆ ಇವು ಗಾಡಿಗೆ ಇರಲೇಬೇಕು. ಅಂದಕ್ಕೆಂದು ಅವುಗಳನ್ನು ತೆಗೆಸಬಾರದು. ಹೊರಡುವ ಮೊದಲು ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿಕೊಳ್ಳಿರಿ. ಸಾಧ್ಯವಿದ್ದರೆ ಎರಡೂ ಕಡೆ ಕಾಲು ಹಾಕಿ ಕೂರುವುದು ಹೆಚ್ಚು ಭದ್ರ. ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ.

ಟ್ರ್ಯಾಕ್ಟರು, ಚಕ್ಕಡಿ ಇರುವ ಮನೆಯವರಿಗೆ

ಕತ್ತಲಲ್ಲಿ ಕಾಣದ ಗಾಡಿ ಇನ್ನೊಂದು ಮನೆಯ ದೀಪವನ್ನು ಆರಿಸೀತು. ಆದುದರಿಂದ ಹಂಗಾಮು ಆರಂಭವಾಗುವ ಮೊದಲೇ ಟ್ರೇಲರಿನ ಹಿಂಭಾಗಕ್ಕೆ ಕೆಂಪು, ಮುಂಭಾಗಕ್ಕೆ ಬಿಳಿ ಬಣ್ಣದ ಪ್ರತಿಫಲಕ ಪಟ್ಟಿಗಳನ್ನು ಅಂಟಿಸಿರಿ. ಇತರ ವಾಹನದ ಬೆಳಕು ಬಿದ್ದೊಡನೆ ಅವು ನೂರು ಮೀಟರಿಗೂ ದೂರದಿಂದ ಹೊಳೆಯುತ್ತವೆ. ಮೇಲಿನ ಲೆಕ್ಕದ ದಂಪತಿಗಳಿಗೆ 30 ಮೀಟರಿನ ಬದಲು 100 ಮೀಟರ್ ಸಿಕ್ಕಿದ್ದರೆ 60ರ ವೇಗದಲ್ಲಿಯೂ ಅವರು ನಿಲ್ಲಿಸಬಹುದಾಗಿತ್ತು. ಪಟ್ಟಿಯ ಬೆಲೆ ಟ್ರ್ಯಾಕ್ಟರಿಗೆ ಹಾಕುವ ಧ್ವನಿವರ್ಧಕದ ಬೆಲೆಗಿಂತ ಎಷ್ಟೋ ಕಡಿಮೆ. ಆ ಧ್ವನಿವರ್ಧಕದ ಅಬ್ಬರದಲ್ಲಿ ಹಿಂದಿನವರ ಹಾರ್ನು ಕೇಳಿಸದೆ ಆದ ಅನಾಹುತಕ್ಕೆ ಬೆಲೆ ಕಟ್ಟಲಾಗದು.

ಚಕ್ಕಡಿಯ ಹಿಂದೆಯೂ ಇಂತಹ ಪಟ್ಟಿ ಇರಲಿ. ಎತ್ತಿನ ಕೋಡಿಗೂ ಸುತ್ತಬಹುದು. ಹೊರೆ ಅಗಲವನ್ನು ಮೀರದಿರಲಿ, ಹಿಂದಿನ ದೀಪವನ್ನು ಮುಚ್ಚದಿರಲಿ. ಟ್ರೇಲರು ಕೆಟ್ಟರೆ ಸಾಧ್ಯವಾದಷ್ಟು ರಸ್ತೆಯಿಂದ ಕೆಳಗಿಳಿಸಿರಿ. ಆಗದಿದ್ದರೆ ಹಿಂದೆ ಐವತ್ತು ಹೆಜ್ಜೆಗಿಂತ ದೂರದಲ್ಲಿ ಎಚ್ಚರಿಕೆಯ ತ್ರಿಕೋನ ಅಥವಾ ಹೊಳೆಯುವ ಗುರುತು ಇಟ್ಟು ಒಬ್ಬರು ಟಾರ್ಚು ಹಿಡಿದು ರಸ್ತೆಯ ಅಂಚಿನಲ್ಲಿ ನಿಲ್ಲಿರಿ. ಗಾಲಿಗೆ ಇಟ್ಟ ಕಲ್ಲನ್ನು ಹೊರಡುವಾಗ ಅಲ್ಲಿಯೇ ಬಿಟ್ಟುಹೋಗಬಾರದು. ಮುಂದೆ ಬರುವ ಬೈಕಿನವನಿಗೆ ಅದು ಮೃತ್ಯುವಾಗುತ್ತದೆ. ರಸ್ತೆಯನ್ನೇ ಕಣವಾಗಿಸಿ ಸೋಯಾಬೀನ್, ಜೋಳಗಳ ರಾಶಿ ಮಾಡುವುದೂ ಹಾಗೆಯೇ. ಕಾಳಿನ ಮೇಲೆ ದ್ವಿಚಕ್ರ ವಾಹನ ಜಾರುತ್ತದೆ. ಸುತ್ತ ಇಟ್ಟ ಕಲ್ಲು ರಾತ್ರಿ ಕಾಣದು.

ಜಾತ್ರೆ, ಮದುವೆಗಳ ಪ್ರಯಾಣ

ಮಾಘಮಾಸದಲ್ಲಿ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ, ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ, ಏಕಾದಶಿಗೆ ಪಂಢರಪುರಕ್ಕೆ ಊರಿಗೆ ಊರೇ ಹೊರಡುವುದು ನಮ್ಮ ಸೀಮೆಯ ಸಂಪ್ರದಾಯ. ಅನೇಕರು ಟ್ರ್ಯಾಕ್ಟರಿನ ಟ್ರೇಲರಿನಲ್ಲಿಯೇ ಹೆಂಗಸರು ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾರೆ. ಟ್ರೇಲರು ಕಬ್ಬು, ಗೊಬ್ಬರಗಳನ್ನು ಸಾಗಿಸಲು ಮಾಡಿದ್ದು. ಅದರಲ್ಲಿ ಹಿಡಿಯಲು ಆಸರೆಯಿಲ್ಲ; ತಿರುವಿನಲ್ಲಿ ಮಗುಚಿದರೆ ಕೆಳಗೆ ಸಿಕ್ಕವರು ಉಳಿಯುವುದು ಕಷ್ಟ. ಟ್ರ್ಯಾಕ್ಟರಿನ ಮಡಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸುವುದು ಇನ್ನೂ ಅಪಾಯಕರ. ಜಾರಿದರೆ ದೊಡ್ಡ ಗಾಲಿಯ ಕೆಳಗೇ ಬೀಳುತ್ತಾರೆ.

ಇನ್ನೂ ಒಂದು ವಿಷಯ ಅನೇಕರಿಗೆ ತಿಳಿದಿಲ್ಲ. ಸರಕು ಸಾಗಿಸುವ ವಾಹನದಲ್ಲಿ ಪ್ರಯಾಣಿಕರಾಗಿ ಹೋಗಿ ಗಾಯಗೊಂಡರೆ ಅಥವಾ ಮಡಿದರೆ ಸಾಮಾನ್ಯವಾಗಿ ವಿಮಾ ಕಂಪನಿಯಿಂದ ಪರಿಹಾರ ದೊರೆಯುವುದಿಲ್ಲ. ಹೊಣೆ ಮಾಲೀಕನ ಮೇಲೆಯೇ ಬರುತ್ತದೆ. ಮಾಲೀಕನು ನಿಮ್ಮ ಅಣ್ಣನೋ ನೆರೆಯವನೋ ಆಗಿರುತ್ತಾನೆ. ಒಂದೇ ಅಪಘಾತದಿಂದ ಎರಡು ಮನೆಗಳು ಹಾಳಾಗುತ್ತವೆ. ನಾಲ್ಕಾರು ಮನೆಯವರು ಕೂಡಿ ಹಣ ಹಾಕಿ ಬಸ್ಸು ಗೊತ್ತುಮಾಡುವುದು ಇದಕ್ಕಿಂತ ಅಗ್ಗ. ಟಂಟಂ, ಜೀಪುಗಳಲ್ಲಿ ಬಾಗಿಲಿಗೆ ಜೋತುಬಿದ್ದು ಹೋಗುವುದನ್ನೂ ಬಿಡಬೇಕು.

ಮಕ್ಕಳಿಗೆ ಕಲಿಸತಕ್ಕ ಪಾಠ

ಹಂಗಾಮಿನಲ್ಲಿ ಮಕ್ಕಳಿಗೆ ಒಂದು ದೊಡ್ಡ ಆಸೆಯಿದೆ: ಹೋಗುತ್ತಿರುವ ಟ್ರೇಲರಿನಿಂದ ಕಬ್ಬು ಜಗ್ಗಿಕೊಳ್ಳುವುದು. ಕಾಲು ಜಾರಿದರೆ ಹಿಂದಿನ ಟ್ರೇಲರಿನ ಗಾಲಿಗೆ ಸಿಕ್ಕುತ್ತಾರೆ; ಮುಂದಿರುವ ಚಾಲಕನಿಗೆ ಅದು ಕಾಣುವುದೂ ಇಲ್ಲ, ಕೇಳುವುದೂ ಇಲ್ಲ. ಮನೆಯಲ್ಲಿಯೇ ಬೇಕಾದಷ್ಟು ಕಬ್ಬು ಕೊಟ್ಟು, ಓಡುವ ಗಾಡಿಯನ್ನು ಮುಟ್ಟಕೂಡದೆಂದು ತಿಳಿಹೇಳಿರಿ.

ಕಾಲುದಾರಿಯಿಲ್ಲದ ರಸ್ತೆಯಲ್ಲಿ ಬಲಬದಿಯ ಅಂಚಿನಲ್ಲಿ, ಎದುರಿನಿಂದ ಬರುವ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು ನಡೆಯಬೇಕು. ಮಗುವನ್ನು ರಸ್ತೆಯ ಕಡೆಗಲ್ಲದೆ ಅಂಚಿನ ಕಡೆಗೆ ಹಿಡಿದುಕೊಳ್ಳಬೇಕು. ನಿಂತ ಬಸ್ಸಿನ ಮುಂದಿನಿಂದ ರಸ್ತೆ ದಾಟಬಾರದು. ನಸುಕಿನಲ್ಲಿ ಹೊಲಕ್ಕೆ ಹೋಗುವವರು ಬಿಳಿಯ ಬಟ್ಟೆ ಧರಿಸಿ ಕೈಯಲ್ಲಿ ಟಾರ್ಚು ಹಿಡಿದಿರಬೇಕು.

ಹೈಸ್ಕೂಲು ಹುಡುಗನ ಕೈಗೆ ಬೈಕು ಕೊಟ್ಟು “ನಮ್ಮ ಮಗ ಶಾಣ್ಯಾ” ಎಂದು ಹೆಮ್ಮೆಪಡುವ ತಂದೆಗಳಿದ್ದಾರೆ. 18 ವರ್ಷ ತುಂಬುವ ಮೊದಲು ಗೇರಿನ ಬೈಕು ನಡೆಸುವುದು ಅಪರಾಧ. 2019ರ ತಿದ್ದುಪಡಿಯಂತೆ ಅಪ್ರಾಪ್ತ ವಯಸ್ಕನು ಅಪರಾಧ ಮಾಡಿದರೆ ತಂದೆ ಅಥವಾ ವಾಹನದ ಮಾಲೀಕನಿಗೆ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ದೊರೆಯದು. ಶಿಕ್ಷೆಗಿಂತಲೂ ಹೆಚ್ಚಿನದು ಮಗನ ಜೀವ.

ಮದ್ಯ, ನಿದ್ರೆ, ಮೊಬೈಲು

ಕುಡಿದವನಿಗೆ ತಾನು ಚೆನ್ನಾಗಿ ನಡೆಸುತ್ತಿದ್ದೇನೆಂಬ ಭ್ರಮೆಯಿರುತ್ತದೆ. ಆದರೆ ಬ್ರೇಕು ಒತ್ತಲು ಅವನಿಗೆ ಹೆಚ್ಚು ಹೊತ್ತು ಬೇಕು. ಒಂದು ಸೆಕೆಂಡು ತಡವಾದರೆ 17 ಮೀಟರ್ ಹೋಯಿತೆಂಬುದನ್ನು ಮೇಲೆ ಕಂಡಿರಿ. ಎರಡು ರಾತ್ರಿ ನಿದ್ರೆಗೆಟ್ಟು ಕಾರ್ಖಾನೆಯ ಸರದಿಯಲ್ಲಿ ಕಾದ ಚಾಲಕನ ಸ್ಥಿತಿಯೂ ಕುಡಿದವನಿಗಿಂತ ಭಿನ್ನವಲ್ಲ. ಮೊಬೈಲಿನಲ್ಲಿ ಮಾತನಾಡುವವನ ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸು ಅಲ್ಲಿರುವುದಿಲ್ಲ. ಸೋದರಿಯರೇ, ಪತಿ ದಾರಿಯಲ್ಲಿರುವಾಗ “ಎಲ್ಲಿಗೆ ಬಂದ್ರಿ?” ಎಂದು ಪದೇಪದೇ ಕರೆ ಮಾಡಬೇಡಿರಿ. ಹೊರಡುವಾಗ ಒಮ್ಮೆ, ತಲುಪಿದ ಮೇಲೆ ಒಮ್ಮೆ ಹೇಳಿದರೆ ಸಾಕು.

ಅಪಘಾತವಾದಾಗ ಏನು ಮಾಡಬೇಕು?

ಮೊದಲು ಇತರ ವಾಹನಗಳು ಬಂದು ಬಡಿಯದಂತೆ ಎಚ್ಚರಿಕೆ ಕೊಡಿರಿ. ಕೂಡಲೇ 108ಕ್ಕೆ ಕರೆ ಮಾಡಿರಿ. ಈ ಉಚಿತ ಸೇವೆ ಕರ್ನಾಟಕದಲ್ಲಿ 2008ರಿಂದ ನಡೆಯುತ್ತಿದೆ. ನಮ್ಮದು ಗಡಿನಾಡು; ಆದುದರಿಂದ ಊರು, ತಾಲ್ಲೂಕು, ಜಿಲ್ಲೆಗಳೊಂದಿಗೆ ರಾಜ್ಯದ ಹೆಸರನ್ನೂ ಸ್ಪಷ್ಟವಾಗಿ ಹೇಳಿರಿ.

ರಕ್ತ ಸುರಿಯುತ್ತಿದ್ದರೆ ಸ್ವಚ್ಛವಾದ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿಯಿರಿ. ಬಟ್ಟೆ ನೆನೆದರೆ ಅದನ್ನು ತೆಗೆಯದೆ ಮೇಲೆ ಇನ್ನೊಂದನ್ನು ಇಟ್ಟು ಒತ್ತಿರಿ. ಅರಿಶಿನ, ಸುಣ್ಣ, ಚಹಾಪುಡಿ ತುಂಬಬೇಡಿರಿ. ಪ್ರಜ್ಞೆ ತಪ್ಪಿದ್ದು ಉಸಿರಾಡುತ್ತಿದ್ದರೆ, ತಲೆ, ಕುತ್ತಿಗೆ, ಬೆನ್ನು ಒಂದೇ ನೇರದಲ್ಲಿರುವಂತೆ ಹಿಡಿದು ಮೆಲ್ಲನೆ ಪಕ್ಕಕ್ಕೆ ಹೊರಳಿಸಿರಿ. ವಾಂತಿಯಾದರೂ ಉಸಿರು ಕಟ್ಟದು. ಬಾಯಿಗೆ ನೀರು, ಚಹಾ ಹಾಕಬೇಡಿರಿ. ಕೈಕಾಲು ಹಿಡಿದು ಜಗ್ಗುವುದು, ಎಬ್ಬಿಸಿ ಕೂರಿಸುವುದು, ಮಡಚಿ ವಾಹನದಲ್ಲಿ ತುರುಕುವುದು ಕೂಡದು. ಕುತ್ತಿಗೆಯ ಎಲುಬು ಮುರಿದಿದ್ದರೆ ಇದರಿಂದ ಜೀವನಪರ್ಯಂತ ಪಾರ್ಶ್ವವಾಯು ಆದೀತು. ಆಂಬುಲೆನ್ಸ್ ಬರುವಂತಿಲ್ಲದಿದ್ದರೆ ಹಲಗೆಯ ಅಥವಾ ಮಂಚದ ಮೇಲೆ ನಾಲ್ವರು ಕೂಡಿ ಎತ್ತಿರಿ.

ಹೊರಗೆ ಗಾಯ ಕಾಣದಿದ್ದರೂ ತಲೆಗೆ ಪೆಟ್ಟು ಬಿದ್ದವರಿಗೆ ವಾಂತಿ, ಅತಿಯಾದ ನಿದ್ರೆ, ತೊದಲು ಮಾತು, ಕಿವಿಮೂಗಿನಿಂದ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಗರ್ಭಿಣಿಯು ಬೈಕಿನಿಂದ ಮೆಲ್ಲಗೆ ಬಿದ್ದಿದ್ದರೂ ವೈದ್ಯರಿಗೆ ತೋರಿಸಲೇಬೇಕು. ಹೊಟ್ಟೆನೋವು, ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು ಇವು ಅಪಾಯದ ಚಿಹ್ನೆಗಳು.

“ಸಹಾಯ ಮಾಡಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು” ಎಂಬ ಭಯ ಬೇಡ. ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಇಂತಹ ಪರೋಪಕಾರಿಗಳಿಗೆ ರಕ್ಷಣೆ ನೀಡಿತು; 2019ರಲ್ಲಿ ಅದು ಮೋಟಾರು ವಾಹನ ಕಾನೂನಿನಲ್ಲಿಯೂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವರು ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಬಲವಂತ ಮಾಡುವಂತಿಲ್ಲ. ಹಣವಿಲ್ಲವೆಂದು ತಡಮಾಡುವುದೂ ಬೇಡ. ಕೇಂದ್ರ ಸರ್ಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ಯೋಜನೆಯಂತೆ ಮೋಟಾರು ವಾಹನದ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನಗಳವರೆಗೆ, 1 ಲಕ್ಷ 50 ಸಾವಿರ ರೂಪಾಯಿ ಮಿತಿಯೊಳಗೆ ನಗದಿಲ್ಲದೆ ಚಿಕಿತ್ಸೆ ದೊರೆಯುತ್ತದೆ. ಗಾಯವಾದ ಮೊದಲ ಒಂದು ಗಂಟೆ ಅತ್ಯಂತ ಅಮೂಲ್ಯವೆಂಬುದನ್ನು ಮರೆಯಬೇಡಿರಿ.

ಪತಿಪತ್ನಿಯರ ಒಪ್ಪಂದ

ರಸ್ತೆ ಅಗಲಗೊಳಿಸುವುದು, ದೀಪ ಹಾಕಿಸುವುದು, ಕಾನೂನು ಪಾಲನೆಯಾಗುವಂತೆ ನೋಡುವುದು ಸರ್ಕಾರದ ಹೊಣೆ. ಅವುಗಳಿಗಾಗಿ ಗ್ರಾಮಸಭೆಯಲ್ಲಿ ನೀವು ಒತ್ತಾಯಿಸಬೇಕು. ಕೂಡುದಾರಿಯ ಮುಳ್ಳುಕಂಟಿ ಕಡಿಸಲು, ಶಾಲೆಯ ಮುಂದೆ ವೇಗತಡೆ ಹಾಕಿಸಲು ಪಂಚಾಯಿತಿಗೆ ಮನವಿ ಕೊಡಬೇಕು. ಆದರೆ ಮನೆಯ ಹೊಸ್ತಿಲಿನಲ್ಲಿ ಆಗುವ ತೀರ್ಮಾನ ನಿಮ್ಮಿಬ್ಬರದೇ.

ಪೊಲೀಸರು ದಾರಿಯಲ್ಲಿ ಒಂದು ದಿನ ಇರುತ್ತಾರೆ, ಒಂದು ದಿನ ಇರುವುದಿಲ್ಲ. ಹೆಂಡತಿಯ ಮಾತು ದಿನವೂ ಇರುತ್ತದೆ. “ಹೆಲ್ಮೆಟ್ ಹಾಕ್ಕೊಳ್ರಿ, ಹಾಕ್ಕೊಂಡ ಮ್ಯಾಲ ನಾ ಗಾಡಿ ಹತ್ತೀನಿ” ಎಂದು ಆಕೆ ಬಾಗಿಲಲ್ಲಿ ನಿಂತು ಹೇಳಿದರೆ ಅದನ್ನು ಮೀರುವ ಗಂಡಸರು ವಿರಳ. ಹಾಗೆಯೇ, ಆಕೆಗೂ ಒಂದು ಹೆಲ್ಮೆಟ್ ಕೊಂಡು ತರುವುದು ಪತಿಯ ಕರ್ತವ್ಯ. ಕತ್ತಲಾಗಿದ್ದರೆ ತವರಿನವರು “ಇವತ್ತು ಇದ್ದು ನಾಳೆ ಮುಂಜಾನೆ ಹೋಗ್ರಿ” ಎಂದಾಗ ಒಪ್ಪಿ ಉಳಿಯುವುದು ಸೋಲಲ್ಲ, ವಿವೇಕ.

ಇಂದು ರಾತ್ರಿ ಊಟವಾದ ಮೇಲೆ ಇಬ್ಬರೂ ಕುಳಿತು ಮೂರು ಮಾತುಗಳನ್ನು ಒಪ್ಪಿಕೊಳ್ಳಿರಿ. ಕತ್ತಲಲ್ಲಿ ವೇಗ 40 ಮೀರುವುದಿಲ್ಲ. ಹೆಲ್ಮೆಟ್ ಇಲ್ಲದೆ ನಮ್ಮಲ್ಲಿ ಯಾರೂ ಗಾಡಿ ಹತ್ತುವುದಿಲ್ಲ. ನಮ್ಮ ಟ್ರೇಲರು, ಚಕ್ಕಡಿ ಹೊಳೆಯುವ ಪಟ್ಟಿಯಿಲ್ಲದೆ ರಸ್ತೆಗೆ ಇಳಿಯುವುದಿಲ್ಲ. ಈ ಮೂರನ್ನು ಈ ಹಂಗಾಮಿನಿಂದಲೇ ಪಾಲಿಸತೊಡಗಿದರೆ ಮನೆಯಿಂದ ಹೊರಟವರೆಲ್ಲರೂ ಸುಖವಾಗಿ ಮನೆ ಸೇರುವ ಸಂಭವ ಬಹಳಷ್ಟು ಹೆಚ್ಚುತ್ತದೆ.